ಸದ್ದಡಗಿಸಿ ನೋಡುವ ಚಂದ್ರಾವತಿ

ಬೆಳಗಿನ ಐದು ಹತ್ತು. ಐರ್ಲೆಂಡಿನ ಡಬ್ಲಿನ್ ಹೊರವಲಯದ ಲೂಕನ್ನಿನ ಒಂದು ಮನೆಯ ಮಹಡಿಯಲ್ಲಿ, ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯದಷ್ಟು ಸಣ್ಣ ಕೋಣೆಯಲ್ಲಿ ಚಂದ್ರಾವತಿ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಮೈಮೇಲೆ ಗಂಡನ ಹಳೆಯ ಜಾಕೆಟ್, ಕಾಲಿಗೆ ಎರಡು ಜೊತೆ ಕಾಲುಚೀಲ. ಪರದೆಯ ಮೇಲೆ ಅಮೆರಿಕದ ಯಾವುದೋ ಊರಿನ ಒಳಾಂಗಣ ಕ್ರೀಡಾಂಗಣ. ಐದಾರು ಸಾವಿರ ಜನ ಕೈ ಮೇಲೆತ್ತಿ ನಿಂತಿದ್ದಾರೆ. ವೇದಿಕೆಯ ಮೇಲೆ ಬೂದು ಸೂಟಿನ ಕ್ರೈಸ್ತ ಬೋಧಕನೊಬ್ಬ ಬಾಯಿ ದೊಡ್ಡದಾಗಿ ತೆರೆದು ಏನನ್ನೋ ಕೂಗುತ್ತಿದ್ದಾನೆ. ಸದ್ದು ಮಾತ್ರ ಕೇಳಿಸುವುದಿಲ್ಲ. ಚಂದ್ರಾವತಿ ಅದನ್ನು ಆರಿಸಿಟ್ಟಿದ್ದಾರೆ.

ನಾನು ಇದನ್ನೆಲ್ಲ ನೋಡುತ್ತಿರುವುದು ಸಿಟಿವೆಸ್ಟಿನ ನನ್ನ ಅಡುಗೆಮನೆಯಲ್ಲಿ ಕೂತು, ಫೋನಿನ ವಿಡಿಯೋದಲ್ಲಿ. ನಮ್ಮಿಬ್ಬರ ಮನೆಗಳ ನಡುವೆ ಎಂಟು ಕಿಲೋಮೀಟರ್. ಮನೆಯಿಂದ ಐದು ಕಿಲೋಮೀಟರ್ ದಾಟಬೇಡಿ ಎಂದು ಸರ್ಕಾರ ಹೇಳಿದೆ. ಇದು ೨೦೨೧ರ ಮಾರ್ಚ್ ಕೊನೆಯ ವಾರ. ಮೂರು ಕಿಲೋಮೀಟರಿಗಾಗಿ ಪೊಲೀಸರ ಜೊತೆ ವಾದ ಮಾಡುವ ಉತ್ಸಾಹ ನನಗಿಲ್ಲ.

"ಒಂದೊಂದ್ಸಲ ಬೆಚ್ಚಿಬೀಳ್ತೀನಿ ಕಣ್ರೀ," ಎನ್ನುತ್ತಾರೆ ಚಂದ್ರಾವತಿ, ಪರದೆಯಿಂದ ಕಣ್ಣು ಕೀಳದೆ. "ಇಷ್ಟು ಜನ ಒಬ್ಬರ ಮೇಲೊಬ್ಬರು ಬಿದ್ದು, ಅಪ್ಕೊಂಡು ಅಳ್ತಿದಾರೆ. ಒಬ್ಬರಿಗೂ ಮಾಸ್ಕಿಲ್ಲ! ಆಮೇಲೆ ನೆನಪಾಗತ್ತೆ, ಇದು ಎಂಬತ್ತೆಂಟನೇ ಇಸವಿ ಅಂತ."

ಮಾತಾಡುತ್ತಲೇ ಅವರ ಬೆರಳು ಕೀಲಿಮಣೆಯ ಮೇಲೆ ಓಡುತ್ತಿರುತ್ತದೆ. ಚಿತ್ರದ ಮೂಲೆಯಲ್ಲಿ ಗಂಟೆ, ನಿಮಿಷ, ಸೆಕೆಂಡಿನ ಲೆಕ್ಕ ಓಡುತ್ತದೆ. ಹದಿನಾಲ್ಕನೇ ನಿಮಿಷ ಏಳನೇ ಸೆಕೆಂಡಿಗೆ ಬೋಧಕ ಕೋಟು ಬಿಚ್ಚಿ ಹಿಂದಕ್ಕೆ ಎಸೆದ. ಹದಿನೈದನೇ ಸೆಕೆಂಡಿಗೆ ಕನ್ನಡಕದ ಮುದುಕ ಬಿದ್ದ, ನೀಲಿ ಟೈನವನು ಹಿಡಿದ. ಇಂಥ ಸಾಲು ದಿನಕ್ಕೆ ಇನ್ನೂರರಿಂದ ಇನ್ನೂರೈವತ್ತು. ನಲವತ್ತೈದು ನಿಮಿಷದ ಒಂದು ಟೇಪಿಗೆ ಮೂರೂವರೆ ಗಂಟೆ ಬೇಕು. ಈ ಒಂದು ಚಿತ್ರಕ್ಕೆ ಬಂದಿರುವ ಟೇಪುಗಳು ಇನ್ನೂರ ಹದಿನಾಲ್ಕು.

ಈ ಕೆಲಸ ಮಾಡುವವರನ್ನು ಲಾಗರ್ ಎನ್ನುತ್ತಾರೆ. ಸಾಕ್ಷ್ಯಚಿತ್ರ ಮಾಡುವವರ ಬಳಿ ಹಳೆಯ ಟೇಪು ರಾಶಿ ಬಿದ್ದಿರುತ್ತದೆ, ಅಷ್ಟನ್ನೂ ನೋಡುವ ಪುರುಸೊತ್ತು ಇರುವುದಿಲ್ಲ. ಲಾಗರ್ ಕೂತು ಎಲ್ಲವನ್ನೂ ನೋಡಿ, ಯಾವ ಸೆಕೆಂಡಿನಲ್ಲಿ ಏನಿದೆ ಎಂದು ಪಟ್ಟಿ ಮಾಡಿಕೊಡಬೇಕು. ನಿರ್ದೇಶಕರು, ಸಂಕಲನಕಾರರು ಆ ಪಟ್ಟಿ ಹಿಡಿದು ಚಿತ್ರ ಕಟ್ಟುತ್ತಾರೆ. ಚಿತ್ರ ಮುಗಿದ ಮೇಲೆ ಸಣ್ಣ ಅಕ್ಷರದಲ್ಲಿ ಹೆಸರುಗಳು ಸರಿಯುತ್ತವಲ್ಲ, ನಾವೆಲ್ಲ ರಿಮೋಟ್ ಹುಡುಕುವ ಹೊತ್ತು, ಲಾಗರ್ ಹೆಸರು ಅಲ್ಲಿರುತ್ತದೆ. ಕೆಲವೊಮ್ಮೆ ಅದೂ ಇರುವುದಿಲ್ಲ.

ಹಣೆ ಮುಟ್ಟಿ ಕಾಯಿಲೆ ವಾಸಿ ಮಾಡುತ್ತೇವೆನ್ನುವ ಅಮೆರಿಕದ ವರ್ಚಸ್ವಿ ಬೋಧಕರ ಬಗ್ಗೆ ಚಂದ್ರಾವತಿ ಕೆಲಸ ಮಾಡುತ್ತಿರುವ ಮೂರನೇ ಚಿತ್ರ ಇದು. ಮೊದಲನೆಯವ ಮಾತಿನ ನಡುವೆ ಅಳುತ್ತಿದ್ದ. ಎರಡನೆಯವ ಕರವಸ್ತ್ರ ಬೀಸುತ್ತಿದ್ದ. ಈತ ಕೋಟು ಎಸೆಯುತ್ತಾನೆ. ಹೆಸರು ಹೇಳುವುದಿಲ್ಲ ಎಂದು ಚಂದ್ರಾವತಿ ಸಹಿ ಹಾಕಿಕೊಟ್ಟಿದ್ದಾರೆ, ನಾನೂ ಕೆದಕಲಿಲ್ಲ. ಒಂದು ಕಾಲದಲ್ಲಿ ವಾರಕ್ಕೊಂದು ಊರಿನಿಂದ ಈತನ ಟೀವಿ ಕಾರ್ಯಕ್ರಮ ಬರುತ್ತಿತ್ತಂತೆ. ವಾರವೂ ಯಾರಾದರೊಬ್ಬರು ಗಾಲಿಕುರ್ಚಿ ಬಿಟ್ಟು ಎದ್ದು ನಡೆಯುತ್ತಿದ್ದರು. ಒಮ್ಮೆ ಐರ್ಲೆಂಡಿಗೂ ಬಂದು ಸಭೆ ನಡೆಸಿದ್ದ. ಆ ಸಭೆಗೆ ಹೋಗಿ ಬಂದ ತನ್ನ ಅಜ್ಜಿಯ ಕಥೆ ಕೇಳುತ್ತ ಬೆಳೆದ ಗ್ರಾನ್ಯಾ ಎಂಬಾಕೆ ಈ ಚಿತ್ರದ ನಿರ್ದೇಶಕಿ.

ಚಂದ್ರಾವತಿ ಪ್ರತಿ ಟೇಪನ್ನೂ ಎರಡು ಸಲ ನೋಡುತ್ತಾರೆ. ಮೊದಲ ಸಲ ಸದ್ದಿಲ್ಲದೆ, ಎರಡನೇ ಸಲ ಸದ್ದಿನ ಜೊತೆ. ಯಾರೂ ಹೇಳಿಕೊಟ್ಟದ್ದಲ್ಲ, ಅವರೇ ಮಾಡಿಕೊಂಡ ಪದ್ಧತಿ.

"ಸೌಂಡ್ ಹಾಕಿದ್ರೆ ನಾನೂ ನಂಬಿಬಿಡ್ತೀನಿ," ಎಂದು ನಗುತ್ತಾರೆ. "ಅಷ್ಟು ಚೆನ್ನಾಗಿ ಮಾತಾಡ್ತಾರೆ ಅವರು. ಕೈ ತನ್ನಷ್ಟಕ್ಕೆ ಟೈಪ್ ಮಾಡೋದು ನಿಲ್ಲಿಸಿಬಿಡತ್ತೆ. ಸೌಂಡ್ ಇಲ್ದಿದ್ರೆ ಬೇರೆಯವರೆಲ್ಲ ಕಾಣಿಸ್ತಾರೆ. ಮೈಮರೆತು ಬೀಳೋರನ್ನ ಹಿಂದೆ ನಿಂತು ಹಿಡಿಯೋರಿದಾರಲ್ಲ, ಅವರನ್ನ ನೋಡಿ. ಪಾಸ್ಟರ್ ಹಣೆ ಮುಟ್ಟೋಕೆ ಮುಂಚೇನೇ ಅವರು ಒಂದು ಹೆಜ್ಜೆ ಮುಂದೆ ಬಂದಿರ್ತಾರೆ. ಯಾರು ಬೀಳ್ತಾರೆ ಅಂತ ಅವರಿಗೆ ಗೊತ್ತು."

ಚಂದ್ರಾವತಿಯ ಊರು ಅರಸೀಕೆರೆ. ತಂದೆ ಪುಟ್ಟಣ್ಣ ರೈಲ್ವೆ ಸ್ಟೇಷನ್ ಹಿಂದಿನ ಬೀದಿಯಲ್ಲಿ ಟೇಲರ್ ಅಂಗಡಿ ಇಟ್ಟಿದ್ದರು. ರೈಲ್ವೆಯವರ ಯೂನಿಫಾರ್ಮು, ಶಾಲೆ ಮಕ್ಕಳ ಯೂನಿಫಾರ್ಮು. ಸ್ಕೂಲು ಬಿಟ್ಟ ಮೇಲೆ ಚಂದ್ರಾವತಿ ಅಂಗಡಿಯಲ್ಲಿ ಕೂತು ಕಾಜ ಹಾಕುತ್ತಿದ್ದರು, ಗುಂಡಿ ಹೊಲಿಯುತ್ತಿದ್ದರು. ಒಮ್ಮೆ ಹನ್ನೆರಡು ಟಿಕೆಟ್ ಕಲೆಕ್ಟರುಗಳ ಅಂಗಿಗೆ ಹೆಂಗಸರ ರವಿಕೆಗೆ ಹಾಕುವ ಹಾಗೆ ಎಡಗಡೆಗೆ ಗುಂಡಿ ಹೊಲಿದಿಟ್ಟಿದ್ದರಂತೆ. ಪುಟ್ಟಣ್ಣ ಬೈಯಲಿಲ್ಲ, ಹನ್ನೆರಡನ್ನೂ ಬಿಚ್ಚಿಸಿ ಮತ್ತೆ ಹೊಲಿಸಿದರು. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮುಗಿಯುತ್ತಿದ್ದಂತೆ ಮದುವೆ. ಗಂಡ ಗುರುಪ್ರಸಾದ ಡಾಕ್ಟರು. ೨೦೧೬ರಲ್ಲಿ ಆತನಿಗೆ ಡಬ್ಲಿನ್ನಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಇಬ್ಬರೂ ಪುಟ್ಟ ಮಗಳನ್ನು ಕರೆದುಕೊಂಡು ಇಲ್ಲಿಗೆ ಬಂದರು. ಎರಡು ವರ್ಷ ಚಂದ್ರಾವತಿಗೆ ಕೆಲಸ ಮಾಡುವ ಪರವಾನಗಿಯೇ ಸಿಗಲಿಲ್ಲ. ಆಮೇಲೆ ಸೂಪರ್‌ಮಾರ್ಕೆಟ್ಟಿನಲ್ಲಿ ಕಪಾಟು ತುಂಬಿಸಿದರು, ಸಂದರ್ಶನಗಳನ್ನು ಕೇಳಿ ಟೈಪ್ ಮಾಡಿಕೊಟ್ಟರು. ಗ್ರ್ಯಾಂಡ್ ಕೆನಾಲ್ ಡಾಕ್‌ನ ದೊಡ್ಡ ಕಂಪನಿಗಳ ಹಿಂದೆ ಅಡಗಿಕೊಂಡಿರುವ ಪುಟ್ಟ ಸ್ಟುಡಿಯೋ ಒಂದು ಅವರ ಟೈಪಿಂಗ್ ನೋಡಿ ಲಾಗಿಂಗ್ ಕೆಲಸ ಕೊಟ್ಟಿತು.

ಕೋವಿಡ್ ಬಂದು ಸ್ಟುಡಿಯೋ ಬಾಗಿಲು ಹಾಕಿದಾಗ ಟೇಪುಗಳೆಲ್ಲ ಹಾರ್ಡ್‌ಡಿಸ್ಕಿಗೆ ಹೋಗಿ, ಹಾರ್ಡ್‌ಡಿಸ್ಕುಗಳು ಸೈಕಲ್ ಮೇಲೆ ಲೂಕನ್ನಿಗೆ ಬಂದವು. ತಂದವನು ಬಾಗಿಲಲ್ಲಿಟ್ಟು, ಬೆಲ್ ಒತ್ತಿ, ಗೇಟಿನಾಚೆ ಹೋಗಿ ನಿಲ್ಲುತ್ತಿದ್ದ. ಚಂದ್ರಾವತಿ ಅದನ್ನು ಸ್ಯಾನಿಟೈಸರಿನಲ್ಲಿ ಒರೆಸಿ ಒಳಗೆ ತರುತ್ತಿದ್ದರು. ಒಂಬತ್ತು ಗಂಟೆಯಿಂದ ಮಗಳು ಐಶುವಿನ ಆನ್‌ಲೈನ್ ಪಾಠ. ಕೆಳಗಿನ ಕೋಣೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಗುರುಪ್ರಸಾದನ ನಿದ್ದೆ. ಹಾಗಾಗಿ ಕೆಲಸದ ಹೊತ್ತು ಬೆಳಗಿನ ಐದರಿಂದ ಎಂಟೂವರೆ. ಶಾಲೆ ಮತ್ತೆ ತೆರೆದರೂ ಅಭ್ಯಾಸ ಬಿಟ್ಟಿಲ್ಲ.

ಈ ಜನವರಿ ಕೆಟ್ಟದಾಗಿತ್ತು ಎನ್ನುತ್ತಾರೆ. ಗುರುಪ್ರಸಾದ ಶೂ ತೋಟದ ಶೆಡ್ಡಿನಲ್ಲಿ ಬಿಟ್ಟು, ಹಿಂಬಾಗಿಲಿನಿಂದ ಬಂದು, ಸ್ನಾನ ಮಾಡಿ, ಯಾರ ಮುಖವನ್ನೂ ನೋಡದೆ ಮಲಗುತ್ತಿದ್ದ. ಮೇಲೆ ಈ ಕೋಣೆಯಲ್ಲಿ ಒಬ್ಬ ಮನುಷ್ಯ ಹಣೆ ಮುಟ್ಟಿದವರೆಲ್ಲ ವಾಸಿಯಾಗುತ್ತಿದ್ದರು. "ಕೆಳಗಡೆ ಇವರು, ಮೇಲೆ ಅವರು. ಒಂದೇ ಮನೇಲಿ," ಎಂದಷ್ಟೇ ಹೇಳಿ ಚಂದ್ರಾವತಿ ಮತ್ತೆ ಪರದೆಯ ಕಡೆ ತಿರುಗಿದರು.

ನಾನು ಅವರ ಬಗ್ಗೆ ಬರೆಯಲು ಹೊರಟಿದ್ದು ಈ ಪದ್ಧತಿ, ಈ ಲೆಕ್ಕ ಕೇಳಿಯೇ. ಆದರೆ ಎರಡನೇ ದಿನದ ಮಾತಿನಲ್ಲಿ ಅವರಾಗಿಯೇ, "ನಾನೊಂದು ತಪ್ಪು ಮಾಡಿದೀನಿ, ಅದನ್ನೂ ಬರೀತೀರಾ?" ಎಂದರು. ಇಪ್ಪತ್ತು ವರ್ಷ ಜನರ ಪರಿಚಯ ಬರೆದಿದ್ದೇನೆ, ಹೀಗೆ ಕೇಳಿದವರು ಇವರೊಬ್ಬರೇ.

ಹೆಸರು ಗೊತ್ತಿಲ್ಲದವರನ್ನು ಬಟ್ಟೆಯಿಂದ ಗುರುತಿಸಿ ಬರೆಯುವುದು ಲಾಗರುಗಳ ರೂಢಿ. ಕಳೆದ ಜುಲೈನಲ್ಲಿ ನಲವತ್ತೊಂದನೇ ಟೇಪಿನಲ್ಲಿ ಚಂದ್ರಾವತಿ ಒಬ್ಬಾಕೆಯನ್ನು ನೋಡಿದರು. ಮೂವತ್ತೆಂಟು ನಲವತ್ತರ ವಯಸ್ಸು, ಹಸಿರು ಸ್ವೆಟರು. ಗಾಲಿಕುರ್ಚಿಯಿಂದ ಎದ್ದು, ಆರು ಹೆಜ್ಜೆ ನಡೆಯುತ್ತಾಳೆ. ಜನ ಹುಚ್ಚೆದ್ದು ಕುಣಿಯುತ್ತಾರೆ. ಆಗಸ್ಟ್‌ನಲ್ಲಿ ಎಪ್ಪತ್ತೇಳನೇ ಟೇಪು, ಬೇರೆ ಊರಿನ ಕಾರ್ಯಕ್ರಮ. ಅಲ್ಲಿಯೂ ಆಕೆ ಏಳುತ್ತಾಳೆ. ಅಕ್ಟೋಬರ್‌ನಲ್ಲಿ ನೂರ ಹನ್ನೆರಡನೆಯದು, ಮೂರನೇ ಊರು. ಮತ್ತೆ ಅದೇ ಮುಖ. ಚಂದ್ರಾವತಿ ಆ ಸಾಲಿನ ಎದುರು ಬರೆದರು: "ಹಸಿರು ಸ್ವೆಟರು. ಅದೇ ಹೆಂಗಸು, ಮೂರು ಊರು."

"ನನಗೆ ಜಂಬ ಬಂತು, ಸುಳ್ಳು ಯಾಕೆ ಹೇಳ್ಲಿ? ಒಂದ್ಸಲ ನೋಡಿದ ಮುಖ ನಾನು ಮರೆಯಲ್ಲ. ಇನ್ಯಾರು ಕಂಡುಹಿಡೀತಿದ್ರು ಇದನ್ನ?"

ಗ್ರಾನ್ಯಾ ಅದನ್ನು ಓದಿ ಕುರ್ಚಿಯಿಂದ ಎದ್ದು ನಿಂತಳಂತೆ. ಬೋಧಕನ ಜೊತೆ ಊರೂರು ಸುತ್ತಿ, ವಾರವಾರ ವಾಸಿಯಾಗುವ ಬಾಡಿಗೆಯ ರೋಗಿ! ಚಿತ್ರದ ಕೊನೆಯ ಇಪ್ಪತ್ತು ನಿಮಿಷ ಆಕೆಯ ಸುತ್ತಲೇ ಕಟ್ಟಿದ್ದಾಯಿತು. ಹಳೆಯ ಕಾಗದಪತ್ರ ಜಾಲಾಡಿ ಹೆಸರು, ವಿಳಾಸ ಪತ್ತೆ ಮಾಡಿದರು. ಆಕೆಗೆ ಈಗ ಎಪ್ಪತ್ತೊಂದು, ಸಣ್ಣ ಊರೊಂದರಲ್ಲಿ ಒಬ್ಬಳೇ ಇದ್ದಾಳೆ. ಮಾರ್ಚ್ ಎರಡನೇ ವಾರದ ಗುರುವಾರ, ಅಮೆರಿಕದಲ್ಲೇ ಇರುವ ಒಬ್ಬ ಕ್ಯಾಮೆರಾಮನ್ ಮೊದಲು ಹೇಳದೆ ಕೇಳದೆ ಆಕೆಯ ಬಾಗಿಲು ತಟ್ಟಿ, ನಾಟಕವಾಡಲು ನಿನಗೇನು ಕೊಟ್ಟರು ಎಂದು ಕೇಳುವುದೆಂದು ತೀರ್ಮಾನವಾಯಿತು. ಆಕೆ ಬಾಗಿಲು ಹಾಕಿಕೊಂಡರೂ ಸರಿ, ಅದೂ ಚಿತ್ರದಲ್ಲಿ ಬರುತ್ತದೆ.

ಆ ವಾರದ ಸೋಮವಾರ ಬೆಳಿಗ್ಗೆ ಚಂದ್ರಾವತಿ ಚಿತ್ರಕ್ಕೆ ಆಯ್ದ ತುಣುಕುಗಳ ಅಳತೆ ಬರೆದುಕೊಳ್ಳುತ್ತಿದ್ದರು. ಎಂದಿನಂತೆ ಸದ್ದಿಲ್ಲ. ನೂರ ಹನ್ನೆರಡನೇ ಟೇಪಿನಲ್ಲಿ ಹಸಿರು ಸ್ವೆಟರಿನಾಕೆ ಏಳುತ್ತಿದ್ದಾಳೆ. ಮುಖವನ್ನು ಹತ್ತಾರು ಸಲ ನೋಡಿ ಆಗಿತ್ತು, ಕಣ್ಣು ಹಿಂದಿನ ಸಾಲಿಗೆ ಹೋಯಿತು. ಅಲ್ಲಿ ಎಂಟು ಗಂಡಸರು ಕೂತಿದ್ದಾರೆ. ಎಂಟೂ ಅಂಗಿಗಳ ಜೇಬು ಬಲ ಎದೆಯ ಮೇಲಿದೆ. ಗುಂಡಿಗಳೆಲ್ಲ ಎಡಗಡೆಗಿವೆ.

"ಒಬ್ಬ ಟೇಲರ್ ತಪ್ಪು ಮಾಡಬಹುದು. ಎಂಟು ಜನಕ್ಕೆ ಒಬ್ಬನೇ ಟೇಲರ್ ತಪ್ಪಾಗಿ ಹೊಲಿದು, ಎಂಟೂ ಜನ ಒಂದೇ ಬೆಂಚಲ್ಲಿ ಬಂದು ಕೂತ್ಕೋತಾರಾ? ಅಪ್ಪನ ಅಂಗಡೀಲಿ ಆ ಹನ್ನೆರಡು ಅಂಗಿ ಬಿಚ್ಚಿದ್ದು ನೆನಪಾಯ್ತು."

ಅವರು ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿಸಿದರು. ಪಕ್ಕದಲ್ಲಿ ನಲವತ್ತೊಂದನೇ ಟೇಪು ಹಾಕಿ ಎರಡನ್ನೂ ಒಟ್ಟಿಗೆ ಓಡಿಸಿದರು. ಹಿಂದಿನ ಸಾಲಿನ ದಪ್ಪ ಮನುಷ್ಯ ಎರಡರಲ್ಲೂ ಒಂದೇ ಕ್ಷಣಕ್ಕೆ ಕೆಮ್ಮಿ ಬಾಯಿಗೆ ಕರವಸ್ತ್ರ ಹಿಡಿದ. ಎಪ್ಪತ್ತೇಳರಲ್ಲಿ ಮುಖವನ್ನು ಮಾತ್ರ ದೊಡ್ಡದು ಮಾಡಿ ಬಣ್ಣ ಬದಲಿಸಿದ್ದರು, ಆದರೂ ಮೂಲೆಯಲ್ಲಿ ಆ ಕರವಸ್ತ್ರದ ತುದಿ ಇತ್ತು. ಹಸಿರು ಸ್ವೆಟರಿನಾಕೆ ಮೂರು ಊರಿಗೆ ಹೋಗಿರಲಿಲ್ಲ. ಒಂದೇ ಊರಲ್ಲಿ, ಒಂದೇ ಸಲ ಎದ್ದಿದ್ದಳು. ಟೀವಿಯವರು ಆ ತುಣುಕನ್ನೇ ತಿರುಗಿಸಿ, ಹಿಗ್ಗಿಸಿ ಬೇರೆ ಊರುಗಳ ಕಾರ್ಯಕ್ರಮಕ್ಕೂ ಅಂಟಿಸಿದ್ದರು. ಮೋಸ ನಡೆದದ್ದು ನಿಜ. ಮಾಡಿದವಳು ಆಕೆಯಲ್ಲ.

"ಟೇಲರ್ ಮಗಳಾಗಿ ನಾನು ಮುಖ ನೋಡಿದ್ದೆ, ಬಟ್ಟೆ ನೋಡ್ಲಿಲ್ಲ," ಎನ್ನುತ್ತಾರೆ ಚಂದ್ರಾವತಿ. ಈ ಮಾತನ್ನು ಅವರು ನನಗೆ ಮೂರು ಸಲ ಹೇಳಿದ್ದಾರೆ.

ಗ್ರಾನ್ಯಾಳಿಗೆ ಮೇಲ್ ಬರೆಯಲು ಕೂತು ನಾಲ್ಕು ಸಲ ಅಳಿಸಿದರು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಲಾಗರ್ ಬರೆದದ್ದನ್ನು ಮತ್ತೊಬ್ಬರು ಪರೀಕ್ಷಿಸುವ ಪದ್ಧತಿ ಇಲ್ಲ. ಹೇಳಿದರೆ ಇಪ್ಪತ್ತು ನಿಮಿಷದ ಚಿತ್ರ ಹೋಗುತ್ತದೆ, ಐದು ತಿಂಗಳ ಕೆಲಸ ಹೋಗುತ್ತದೆ, ಇನ್ನು ಮುಂದೆ ಟೇಪು ಕೊಡುವವರು ಇರುವುದಿಲ್ಲ. ಅಷ್ಟರಲ್ಲಿ ಗುರುಪ್ರಸಾದ ಡ್ಯೂಟಿ ಮುಗಿಸಿ ಬಂದ. ಮೆಟ್ಟಿಲ ಕೆಳಗೆ ನಿಂತೇ ಎಲ್ಲ ಕೇಳಿಸಿಕೊಂಡ.

"ಚಾರ್ಟಲ್ಲಿ ತಪ್ಪು ಬರೆದ್ರೆ ನಾವು ಅಳಿಸಲ್ಲ ಚಂದ್ರಾ," ಎಂದನಂತೆ. "ಓದೋಕೆ ಆಗೋ ಹಾಗೆ ಒಂದೇ ಗೆರೆ ಎಳೀತೀವಿ. ಪಕ್ಕದಲ್ಲಿ ಸರಿಯಾದ್ದು ಬರೆದು, ಸೈನ್ ಹಾಕಿ, ಟೈಮ್ ಹಾಕ್ತೀವಿ. ಯಾರು ತಪ್ಪು ಮಾಡಿದ್ರು, ಯಾರು ತಿದ್ದಿದ್ರು, ಎರಡೂ ಗೊತ್ತಾಗ್ಬೇಕು. ಇಲ್ಲಾಂದ್ರೆ ಪೇಶೆಂಟಿಗೆ ತೊಂದ್ರೆ."

ಚಂದ್ರಾವತಿ ಹಾಗೆಯೇ ಮಾಡಿದರು. ಆ ಸಾಲು ಈಗಲೂ ಪಟ್ಟಿಯಲ್ಲಿದೆ, ನನಗೆ ಫೋನಿನಲ್ಲಿ ತೋರಿಸಿದರು. "ಅದೇ ಹೆಂಗಸು, ಮೂರು ಊರು" ಎನ್ನುವುದರ ಮೇಲೆ ಒಂದು ಗೆರೆ. ಪಕ್ಕದಲ್ಲಿ "ಒಂದೇ ಶಾಟ್, ಮೂರು ಸಲ ಬಳಸಿದ್ದಾರೆ. ನನ್ನ ತಪ್ಪು." ಅದರ ಮುಂದೆ ಅವರ ಹೆಸರು, ತಾರೀಖು, ಸಮಯ ಏಳು ನಲವತ್ತು. ಆ ಹಾಳೆಯನ್ನೇ ಗ್ರಾನ್ಯಾಳಿಗೆ ಕಳಿಸಿ, ಐದು ನಿಮಿಷ ಬಿಟ್ಟು ಫೋನ್ ಮಾಡಿದರು.

"ಅವಳು ಎಲ್ಲ ಕೇಳಿಸ್ಕೊಂಡ್ಳು. ಆಮೇಲೆ 'ಗ್ರ್ಯಾಂಡ್' ಅಂದ್ಳು. ಇಲ್ಲಿಯವರು ಸರಿ, ಆಯ್ತು ಅನ್ನೋಕೆ ಎಲ್ಲಕ್ಕೂ ಗ್ರ್ಯಾಂಡ್ ಅಂತಾರೆ, ಮನೆಗೆ ಬೆಂಕಿ ಬಿದ್ರೂ ಅಷ್ಟೇ. ಫೋನ್ ಇಟ್ಟುಬಿಟ್ಳು. ನನ್ನ ಕೆಲಸ ಹೋಯ್ತು ಅಂದ್ಕೊಂಡು ಐಶುಗೆ ದೋಸೆ ಹಾಕಕ್ಕೆ ಹೋದೆ."

ಹತ್ತು ಗಂಟೆಗೆ ಗ್ರಾನ್ಯಾಳೇ ಮತ್ತೆ ಕರೆ ಮಾಡಿದಳು. ಗುರುವಾರದ ಕ್ಯಾಮೆರಾ ರದ್ದು. ಚಿತ್ರ ಐದಾರು ವಾರ ಮುಂದಕ್ಕೆ. ಚಂದ್ರಾವತಿಯನ್ನು ಕೆಲಸದಿಂದ ತೆಗೆಯುವ ಮಾತು ಬರಲೇ ಇಲ್ಲ, ಬದಲಿಗೆ ಇನ್ನೊಂದು ಕೆಲಸ ಬಂತು: ಆ ಶಾಟಿನ ಮೂಲ ಟೇಪು ಎಲ್ಲಿದೆ, ಹುಡುಕು.

ಟೀವಿ ಕಾರ್ಯಕ್ರಮದ ಹಳೆಯ ನೌಕರನೊಬ್ಬ ತನ್ನ ಗ್ಯಾರೇಜಿನಲ್ಲಿಟ್ಟಿದ್ದ ಪೆಟ್ಟಿಗೆಗಳಿಂದ ಬಂದ ಟೇಪುಗಳು ಇವು. ಚೀಟಿಯೇ ಇಲ್ಲದ ಟೇಪು ಮೂವತ್ತಿದ್ದವು, ಯಾರೂ ಮುಟ್ಟಿರಲಿಲ್ಲ. ಒಂಬತ್ತು ಬೆಳಗು ಕಳೆದ ಮೇಲೆ ನೂರ ಅರವತ್ತಮೂರನೇ ಟೇಪಿನಲ್ಲಿ ದಪ್ಪ ಮನುಷ್ಯ ಕೆಮ್ಮಿದ. ಇದು ಕತ್ತರಿ ಹಾಕದ ಟೇಪು. ಹಸಿರು ಸ್ವೆಟರಿನಾಕೆ ಏಳುತ್ತಾಳೆ, ಆರು ಹೆಜ್ಜೆ ನಡೆಯುತ್ತಾಳೆ. ಟೀವಿಯಲ್ಲಿ ಇಲ್ಲಿಗೆ ಮುಗಿಯುತ್ತಿತ್ತು. ಈ ಟೇಪಿನಲ್ಲಿ ಬೋಧಕ ಬೆನ್ನು ತಿರುಗಿಸಿ ಮುಂದಿನವರ ಹತ್ತಿರ ಹೋಗುತ್ತಾನೆ, ದೀಪಗಳೂ ಆತನ ಹಿಂದೆ ಹೋಗುತ್ತವೆ. ಕ್ಯಾಮೆರಾ ಮಾತ್ರ, ಮರೆವೋ ಸೋಮಾರಿತನವೋ, ಅಲ್ಲೇ ನಿಂತಿದೆ. ಆಕೆ ಅರೆಗತ್ತಲಲ್ಲಿ ಹಿಂದಕ್ಕೆ ಕೈಚಾಚಿ ತಡಕಾಡುತ್ತಾಳೆ. ಕುರ್ಚಿ ದೂರವಿದೆ. ಯಾರೂ ತಳ್ಳಿಕೊಡುವುದಿಲ್ಲ. ಒಂದೊಂದೇ ಹೆಜ್ಜೆ ಹಿಂದಿಟ್ಟು, ಕುರ್ಚಿಯ ಕೈ ಹಿಡಿದು, ನಿಧಾನಕ್ಕೆ ಕೂರುತ್ತಾಳೆ. ಅಷ್ಟಕ್ಕೆ ಹನ್ನೊಂದು ಸೆಕೆಂಡು.

"ಸೌಂಡ್ ಇರ್ಲಿಲ್ಲ. ಆದ್ರೂ ಅಳು ಬಂತು ನನಗೆ," ಎನ್ನುತ್ತಾರೆ ಚಂದ್ರಾವತಿ.

ಗುರುಪ್ರಸಾದನೂ ಅದನ್ನು ನೋಡಿದ್ದಾನೆ. "ವೀಲ್‌ಚೇರ್ ಅಂದ್ರೆ ಕಾಲೇ ಆಡಲ್ಲ ಅಂತ ಅಲ್ಲ," ಎಂದು ನನಗೂ ಫೋನಿನಲ್ಲಿ ವಿವರಿಸಿದ. "ಎಷ್ಟೋ ಜನಕ್ಕೆ ನಾಲ್ಕೈದು ಹೆಜ್ಜೆ ಆಗತ್ತೆ. ಆಮೇಲೆ ಕೂರಲೇಬೇಕು. ನಿಲ್ಲೋದು ಬೇರೆ, ವಾಸಿ ಆಗೋದು ಬೇರೆ."

ಏಪ್ರಿಲ್‌ನಲ್ಲಿ ಐದು ಕಿಲೋಮೀಟರಿನ ನಿಯಮ ಸಡಿಲವಾಯಿತು. ಮೇ ಮೊದಲ ಶನಿವಾರ ನಾನು ಲೂಕನ್ನಿಗೆ ಹೋದೆ. ಮುಂದಿನ ಅಂಗಳದಲ್ಲಿ ಎರಡು ಕುರ್ಚಿ, ನಡುವೆ ಎರಡು ಮೀಟರ್. ಫೋನಿನಲ್ಲಿ ಕಂಡದ್ದಕ್ಕಿಂತ ಚಂದ್ರಾವತಿ ಕುಳ್ಳಗಿದ್ದಾರೆ. ಫ್ಲಾಸ್ಕಿನಲ್ಲಿ ಕಾಫಿ, ತಟ್ಟೆಯಲ್ಲಿ ಕೋಡುಬಳೆ. ಐಶು ಬಾಗಿಲಲ್ಲಿ ಇಣುಕಿ, "ಆರ್ ಯೂ ಸ್ಟಿಲ್ ಟಾಕಿಂಗ್ ಅಬೌಟ್ ಯುವರ್ ಹೋಲಿ ಮ್ಯಾನ್, ಮ್ಯಾಮ್?" ಎಂದು ಅಮ್ಮನನ್ನು ಅಪ್ಪಟ ಡಬ್ಲಿನ್ ಧಾಟಿಯಲ್ಲಿ ಕೇಳಿ ಸೈಕಲ್ ಹತ್ತಿ ಹೋದಳು.

ಅಷ್ಟರಲ್ಲಿ ಗ್ರಾನ್ಯಾಳ ತಂಡ ಆ ಹೆಂಗಸಿಗೆ ಕಾಗದ ಬರೆದು, ಒಪ್ಪಿಗೆ ಪಡೆದು, ಮನೆಯಂಗಳದಲ್ಲೇ ಮಾತಾಡಿಸಿತ್ತು. ಆ ಸಂದರ್ಶನವನ್ನು ಲಾಗ್ ಮಾಡಿದವರೂ ಚಂದ್ರಾವತಿಯೇ. ಆಕೆಯ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ, ಚಂದ್ರಾವತಿ ಬೇಡವೆಂದರು. ಆಕೆ ಹೇಳಿದ್ದರ ಸಾರ ಇಷ್ಟು. ಕಾರ್ಯಕ್ರಮ ಟೀವಿಯಲ್ಲಿ ಬಂದ ಮೇಲೆ ಇಡೀ ಊರು ಆಕೆ ನಡೆದಳೆಂದು ಸಂಭ್ರಮಿಸಿತು. ವಾರದ ನಂತರವೂ ಕುರ್ಚಿಯಲ್ಲೇ ಕಂಡಾಗ, ನಿನಗೆ ನಂಬಿಕೆ ಸಾಲದು, ಬಂದ ವರವನ್ನು ಕಳೆದುಕೊಂಡೆ ಎಂದಿತು. ನಾನು ಆಗಲೇ, ಅಲ್ಲೇ ಕೂತುಬಿಟ್ಟಿದ್ದೆ ಎಂದು ಆಕೆ ಮೂವತ್ತಮೂರು ವರ್ಷ ಹೇಳಿದಳು. ಟೀವಿಯಲ್ಲಿ ಕಂಡದ್ದನ್ನು ಬಿಟ್ಟು ಆಕೆಯ ಮಾತನ್ನು ಯಾರು ನಂಬುತ್ತಾರೆ? ಗ್ರಾನ್ಯಾಳ ತಂಡ ಲ್ಯಾಪ್‌ಟಾಪಿನಲ್ಲಿ ಆ ಹನ್ನೊಂದು ಸೆಕೆಂಡು ತೋರಿಸಿತು. ಆಕೆ ನೋಡಿದಳು. ಇನ್ನೊಮ್ಮೆ ಹಾಕಿ ಎಂದಳು. ಆಮೇಲೆ ಪಕ್ಕದ ಮನೆಯವಳನ್ನು ಕೂಗಿ ಕರೆದು ಅವಳಿಗೂ ತೋರಿಸಿದಳು.

ತನ್ನನ್ನು ಒಂದು ಕಾಲಕ್ಕೆ ಬಾಡಿಗೆಯವಳೆಂದು ಬರೆದಿದ್ದರು, ಒಬ್ಬ ಮನುಷ್ಯ ಕ್ಯಾಮೆರಾ ಹಿಡಿದು ಬಾಗಿಲಿಗೆ ಬರುವವನಿದ್ದ ಎಂಬುದು ಆಕೆಗೆ ತಿಳಿದಿಲ್ಲ. "ತಿಳಿಯೋದೂ ಬೇಡ," ಎನ್ನುತ್ತಾರೆ ಚಂದ್ರಾವತಿ. "ಆಯಮ್ಮನಿಗೆ ಆಗಲೇ ಸಾಕಷ್ಟು ಆಗಿದೆ."

ಗ್ರಾನ್ಯಾ ಅವರ ಹೆಸರನ್ನು ಚಿತ್ರದ ಕೊನೆಯ ಪಟ್ಟಿಯಲ್ಲಿ ಮೇಲಕ್ಕೆ, ಸಂಕಲನಕಾರರ ಪಕ್ಕಕ್ಕೆ ತರುತ್ತೇನೆ ಎಂದಳಂತೆ. ಚಂದ್ರಾವತಿ, ಇರೋ ಜಾಗದಲ್ಲೇ ಇರಲಿ, ಬದಲಿಗೆ ಬೇರೊಂದು ಕೇಳುತ್ತೇನೆ ಎಂದರು. ಏನದು ಎಂದು ನಾನು ಕೇಳಿದೆ. ಅವರು ಫ್ಲಾಸ್ಕಿನ ಮುಚ್ಚಳ ಬಿಗಿಮಾಡಿ ಪಕ್ಕಕ್ಕಿಟ್ಟರು.

"ಸಂಕಲನದವರಿಗೆ ಹನ್ನೊಂದು ಸೆಕೆಂಡು ತುಂಬಾ ಉದ್ದ. ಆಯಮ್ಮ ಕೈ ಹಿಂದೆ ಚಾಚೋ ಹೊತ್ತಿಗೇ ಕಟ್ ಮಾಡ್ತೀವಿ, ಜನಕ್ಕೆ ಅರ್ಥ ಆಗತ್ತೆ ಅಂದ್ರು. ಬೇಡ, ಆಯಮ್ಮ ಪೂರ್ತಿ ಕೂತ್ಕೊಳ್ಳೋವರೆಗೂ ಬಿಡಿ ಅಂತ ಕೇಳಿದೆ." ಒಂದು ಕ್ಷಣ ನನ್ನನ್ನು ನೋಡಿ ನಕ್ಕರು. "ಬಿಟ್ಟಿದಾರೆ."